ಎಫೆಸಸ್ಸಿನ ರಂಗದಲ್ಲಿ ವೀರಬಸಮ್ಮ

ವೀರಬಸಮ್ಮನವರು ಆಂಧ್ರದ ಗಡಿಯ ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ದಲ್ಲಾಳಿ ಅಂಗಡಿ ನಡೆಸಿದವರು. ಗಂಡ ಪಂಚಾಕ್ಷರಯ್ಯ ತೀರಿಕೊಂಡಾಗ ಅಂಗಡಿಗೆ ಬೀಗ ಬೀಳುತ್ತದೆ ಎಂದುಕೊಂಡಿದ್ದವರೆಲ್ಲ, ಆಕೆ ಸೆರಗು ಸಿಕ್ಕಿಸಿ ಹತ್ತಿ ರಾಶಿಯ ಪಕ್ಕ ನಿಂತು ಹರಾಜು ಕೂಗಿದ್ದನ್ನು ಕಂಡು ಬೆರಗಾದರು. "ಹೆಣ್ಣಮಗಳು ಇಷ್ಟು ಗಟ್ಟಿ ಒದರಬಾರ್ದವ್ವ" ಎಂದು ಬಳಗದ ಹಿರಿಯರು ಗೊಣಗಿದರು. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ. ಆಸ್ಪರಿ, ಹಾಲಹರವಿಯ ರೈತರು ಅಕ್ಕನ ಅಂಗಡಿ ಎಲ್ಲಿ ಎಂದು ಕೇಳಿಕೊಂಡು ಬರತೊಡಗಿದರು.

ಹೋದ ವರ್ಷ ಮಗಳು ತ್ರಿವೇಣಿ ನೂಲಿನ ಕಂಪನಿಯ ಕೆಲಸದ ಮೇಲೆ ಟರ್ಕಿಗೆ ಹೊರಟಾಗ ತಾಯಿಯನ್ನೂ ಕರೆದೊಯ್ದಳು. ಕೆಲಸ ಮುಗಿದ ಮೇಲೆ ಇಬ್ಬರೂ ಎಫೆಸಸ್ ಎಂಬ ಪುರಾತನ ಪಟ್ಟಣ ನೋಡಲು ಹೋದರು. ಒಂದು ಕಾಲಕ್ಕೆ ವ್ಯಾಪಾರದಿಂದ ಗಿಜಿಗುಡುತ್ತಿದ್ದ ಊರು. ಈಗ ಮುರಿದ ಕಂಬಗಳ ಮೇಲೆ ಬೆಕ್ಕುಗಳು ಬಿಸಿಲು ಕಾಯಿಸುತ್ತಿದ್ದವು. ಗ್ರಂಥಾಲಯದ ಎತ್ತರದ ಮುಂಗೋಡೆಯ ಎದುರು ವೀರಬಸಮ್ಮ ಕೈ ಮುಗಿದರು.

"ಪುಸ್ತಕಕ್ಕ ಇಷ್ಟು ದೊಡ್ಡ ಗುಡಿ ಕಟ್ಯಾರಲ್ಲ, ದೊಡ್ಡ ಮಂದಿ ಬಿಡು!"

ಅಲ್ಲಿಂದ ಗೈಡ್ ಹುಡುಗಿ ಅವರನ್ನು ಬಯಲು ರಂಗಮಂದಿರಕ್ಕೆ ಕರೆತಂದಳು. ಗುಡ್ಡದ ಇಳಿಜಾರಿನಲ್ಲೇ ಕಟ್ಟಿದ ಕಲ್ಲಿನ ಮೆಟ್ಟಿಲುಗಳು ಆಕಾಶದವರೆಗೆ ಹೋದಂತಿದ್ದವು. ಸಾವಿರಾರು ಜನ ಕೂರುತ್ತಿದ್ದರಂತೆ.

"ಮೈಕ್ ಇಲ್ಲದ ಕಾಲ. ಮ್ಯಾಲಿನವರಿಗೆ ಹೆಂಗ ಕೇಳಸ್ತಿತ್ತ?"

ತ್ರಿವೇಣಿ ಅದನ್ನು ಇಂಗ್ಲಿಷಿನಲ್ಲಿ ಕೇಳಿದಳು. ನೀವೇ ಕೂಗಿ ನೋಡಿ ಎಂದು ಗೈಡ್ ನಕ್ಕಳು. ತ್ರಿವೇಣಿ ಏದುಸಿರು ಬಿಡುತ್ತ ಮೇಲಿನ ಸಾಲಿಗೆ ಹತ್ತಿ ಕೈ ಬೀಸಿದಳು. ಸುತ್ತ ನಾಲ್ಕಾರು ದೇಶದ ಜನ ನಿಂತು ನೋಡುತ್ತಿದ್ದರು. ವೀರಬಸಮ್ಮನವರಿಗೆ ಒಂದು ಗಳಿಗೆ ಸಂಕೋಚವಾಯಿತು. ಆಮೇಲೆ ಸೆರಗು ಸಿಕ್ಕಿಸಿದರು.

"ಆದೋನಿ ಹತ್ತಿ ನೋಡ್ರಪೋ! ಮಲ್ಲಿಗಿಯಂಥ ಹತ್ತಿ! ಪತ್ತಿ ಚೂಡಂಡೋ!"

ಮಾರುಕಟ್ಟೆಯಲ್ಲಿ ಕೂಗುವಂತೆಯೇ ಕನ್ನಡದಲ್ಲೂ ತೆಲುಗಿನಲ್ಲೂ ಕರೆದ ಆ ಧ್ವನಿ ಕಲ್ಲಿನಿಂದ ಕಲ್ಲಿಗೆ ಏರುತ್ತ ಹೋಯಿತು. ಮೆಟ್ಟಿಲುಗಳ ಮೇಲಿದ್ದವರೂ ತಿರುಗಿ ನೋಡಿದರು. ಮರುಗಳಿಗೆಗೆ ಚಪ್ಪಾಳೆ ಬಿತ್ತು.

"ಒಂದಕ್ಷರ ಬಿಡದಂಗ ಕೇಳ್ತಮ್ಮಾ!" ಮೇಲಿನಿಂದ ತ್ರಿವೇಣಿ ಕೂಗಿದಳು.

ಅವಳು ಇಳಿದು ಬಂದ ಮೇಲೆ ಗೈಡ್, ಅದು ಯಾವ ಹಾಡು ಎಂದು ಕೇಳಿದಳು.

"ಹಾಡಲ್ಲ, ನನ್ನ ಕೆಲಸ ಅನ್ನು," ಎಂದರು ವೀರಬಸಮ್ಮ ಮಗಳಿಗೆ. "ಊರ ಹೆಸರೂ ಹೇಳು. ಸರಿಯಾಗಿ ಹೇಳು, ಆದೋನಿ."

ಗೈಡ್ ಎರಡು ಸಲ ತಪ್ಪಿ ಮೂರನೆಯ ಸಲ ಸರಿಯಾಗಿ ಅಂದಳು. ವೀರಬಸಮ್ಮ ಅವಳ ಕೆನ್ನೆ ಸವರಿ ಬೆರಳು ನೆಟಿಗೆ ಮುರಿದರು.

ಊರಿಗೆ ಬಂದ ಮೇಲೆ ಪಕ್ಕದ ಮನೆಯ ಮಹಾಲಕ್ಷ್ಮಿ, "ಅಲ್ಲಿ ಏನೇನು ನೋಡಿದ್ರಿ ಅಕ್ಕಾರ?" ಎಂದು ಕೇಳಿದಳು. ವೀರಬಸಮ್ಮ ಎಲ್ಲ ಹೇಳಿ, ತಟ್ಟನೆ, "ಅಷ್ಟು ದೂರದ್ದು ನೋಡಿ ಬಂದೆ, ನಮ್ಮೂರ ಕೋಟಿ ಗುಡ್ಡ ಹತ್ತೀ ಏನ ನೀನು?" ಎಂದರು. ಅವಳು ಒಮ್ಮೆಯೂ ಹತ್ತಿರಲಿಲ್ಲ. ಇವರೂ ಹತ್ತಿರಲಿಲ್ಲ. ಭಾನುವಾರ ಓಣಿಯ ಹೆಂಗಸರೆಲ್ಲ ಬುತ್ತಿ ಕಟ್ಟಿಕೊಂಡು ಆದೋನಿ ಕೋಟೆಯ ಬೆಟ್ಟ ಹತ್ತಿದರು. ವೀರಬಸಮ್ಮ ಎಲ್ಲರಿಗಿಂತ ಮುಂದಿದ್ದರು.