ವಾರ್ಡ್ ಆಫೀಸಿನಲ್ಲಿ ಅಕ್ಷತೆ

ಕೊರೊನಾ ಕಾಲ. ಗೆಳತಿ ಶ್ರುತಿಯ ಮದುವೆಯ ಫೋಟೋ ತೆಗೆಯಲು ನಗೋಯಾದಿಂದ ಕ್ಯೋಟೋದ ವಾರ್ಡ್ ಆಫೀಸಿಗೆ ಬಂದಿದ್ದೆ. ಅವಳೂ ಮದುಮಗ ಕೆಂತಾ-ಸಾನ್ ಕೂಡ ಮಾಸ್ಕ್ ಹಾಕಿಕೊಂಡೇ ಮದುವೆ ನೋಂದಣಿಯ ಅರ್ಜಿ ಕೊಟ್ಟರು. ನಡುವಯಸ್ಸಿನ ಗುಮಾಸ್ತೆ ಅದನ್ನು ಎರಡು ಸಲ ಓದಿ, ತಲೆಬಾಗಿ ಶುಭಾಶಯ ಹೇಳಿದರು. ನಾನಿನ್ನೂ ಕ್ಯಾಮೆರಾ ಹಿಡಿದು ಮುಹೂರ್ತಕ್ಕೆ ಕಾಯುತ್ತಿದ್ದೆ.

"ಆಯ್ತು ಕಣೇ, ಮುಗೀತು ಮದ್ವೆ. ಇಷ್ಟೇ!" ಎಂದಳು ಶ್ರುತಿ.

ಅಕ್ಷತೆಯಿಲ್ಲದೆ ಎಂಥ ಮದುವೆ? ಮೈಸೂರಿನಿಂದ ಬರಲಾಗದ ಅವಳಮ್ಮ ಫೋನಿನಲ್ಲಿ ನನಗೆ ವಹಿಸಿದ್ದ ಕೆಲಸ ಅದೊಂದೇ. ಜೇಬಿನಿಂದ ತೆಗೆದು ಎರಚಿಯೇಬಿಟ್ಟೆ. ಹೊಳೆಯುವ ನೆಲದ ತುಂಬ ಹಳದಿ ಅಕ್ಕಿ.

"ಸುಮಿಮಾಸೆನ್!" ಎಂದು ಕ್ಷಮೆ ಕೇಳುತ್ತ ಮದುಮಕ್ಕಳು ಮಂಡಿಯೂರಿ ಕಾಳು ಹೆಕ್ಕತೊಡಗಿದರು. ಗುಮಾಸ್ತೆಯೂ ಪ್ಲಾಸ್ಟಿಕ್ ಪರದೆಯಾಚೆಯಿಂದ ಎದ್ದುಬಂದು ಜೊತೆಗೆ ಕೂತರು. ಕೊನೆಗೆ ಸಿಕ್ಕ ಒಂದು ಕಾಳನ್ನು ನನ್ನತ್ತ ತೋರಿಸಿ, ಮೆಲ್ಲಗೆ ಶ್ರುತಿಯ ತಲೆಯ ಮೇಲಿಟ್ಟರು.

ಮುಹೂರ್ತದ ಫೋಟೋ ಅದೇ.