ಉದಯಶಂಕರರ ಕಿವಿಯೂ ತೋಟೆ ತುಂಬುವ ಯಂತ್ರವೂ

ಆಸ್ಪತ್ರೆಯಲ್ಲಿ ರೋಗಿಯನ್ನು ಬದುಕಿಸಿದ ವೈದ್ಯರ ಹೆಸರು ಊರಿಗೆಲ್ಲ ತಿಳಿಯುತ್ತದೆ. ಆ ರೋಗಿಗೆ ಉಸಿರೂಡಿದ ಯಂತ್ರ ನಡುವೆ ಕೈಕೊಡದಂತೆ ನೋಡಿಕೊಂಡವರ ಹೆಸರು ಮನೆಯವರನ್ನು ಬಿಟ್ಟರೆ ಸಂಬಳ ಕೊಡುವವರಿಗೆ ಮಾತ್ರ ತಿಳಿದಿರುತ್ತದೆ. ವೈದ್ಯಕೀಯ ಉಪಕರಣಗಳ ದುರಸ್ತಿಯೆಂಬ ಈ ತೆರೆಮರೆಯ ವಿದ್ಯೆಯಲ್ಲಿ ನ್ಯೂಜಿಲೆಂಡಿನ ಕನ್ನಡಿಗರೆಲ್ಲ ತಕರಾರಿಲ್ಲದೆ ಹಿರಿಯರೆಂದು ಒಪ್ಪುವ ಶ್ರೀ ಉದಯಶಂಕರ್ ಅವರು ಈ ವರ್ಷ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ನಮ್ಮವರು ತಕರಾರಿಲ್ಲದೆ ಒಪ್ಪುವ ಸಂಗತಿಗಳು ಹೆಚ್ಚಿಲ್ಲವಾದ್ದರಿಂದ ಈ ಮಾತನ್ನು ಅವರ ಅಭಿನಂದನ ಗ್ರಂಥದ ಮೊದಲಲ್ಲೇ ದಾಖಲಿಸಿಡುವುದು ಕ್ಷೇಮ.

ಪುತ್ತೂರಿನ ಕಡೆಯ ಉದಯಶಂಕರರು ಮಂಗಳೂರಿನಲ್ಲಿ ಡಿಪ್ಲೊಮಾ ಮುಗಿಸಿ, ಅಲ್ಲಿಯದೇ ಒಂದು ಆಸ್ಪತ್ರೆಯಲ್ಲಿ ಕೆಲವು ವರ್ಷ ದುಡಿದು, ಆಮೇಲೆ ಆಕ್ಲೆಂಡಿಗೆ ಬಂದಿಳಿದಾಗ ಅವರ ಬಳಿ ಇದ್ದದ್ದು ಒಂದು ಉದ್ದನೆಯ ಸ್ಕ್ರೂಡ್ರೈವರ್ ಮತ್ತು ಯಾವ ಯಂತ್ರವೂ ಸುಮ್ಮಸುಮ್ಮನೆ ಕೂಗುವುದಿಲ್ಲ ಎಂಬ ನಂಬಿಕೆ. ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಮೈಗೆ ತಾಗಿಸಿ, ಹಿಡಿಯನ್ನು ಕಿವಿಯ ಬುಡಕ್ಕೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುವುದು ಅವರ ಪದ್ಧತಿ. ಆ ಹೊತ್ತಿನಲ್ಲಿ ಪಕ್ಕದವರು ಕೆಮ್ಮಿದರೂ ಅವರಿಗೆ ಸಿಟ್ಟು. "ಸ್ವಲ್ಪ ಸುಮ್ಮನೆ ಇರಿ ಮಾರಾಯ್ರೆ, ಅದು ಎಂತ ಹೇಳ್ತದೆ ನೋಡುವ" ಎಂದು ಅವರು ಗದರಿಸದ ಮನುಷ್ಯ ಈ ದೇಶದ ಕನ್ನಡಿಗರಲ್ಲಿ ಇರಲಾರ. ಕೆಲಸ ಹುಡುಕುತ್ತಿದ್ದ ಆ ಮೊದಲ ದಿನಗಳಲ್ಲಿ ಸ್ಯಾಂಡ್ರಿಂಗಮ್‌ನ ಒಂದು ದೋಸೆ ಹೋಟೆಲಿನ ಗ್ರೈಂಡರ್ ಗೊರಗೊರ ಎನ್ನುತ್ತಿತ್ತು. ಉದಯಶಂಕರರು ಕಿವಿಗೊಟ್ಟು ಕೇಳಿ, ಕಲ್ಲಿನ ಬುಡದಿಂದ ಒಡತಿಯ ಕಳೆದುಹೋದ ಓಲೆಯ ತಿರುಪನ್ನು ತೆಗೆದುಕೊಟ್ಟರು. ಆ ಉಪಕಾರಕ್ಕೆ ಅವರು ಆಕ್ಲೆಂಡ್ ಬಿಡುವವರೆಗೂ ಅಲ್ಲಿ ದುಡ್ಡು ಕೊಡದೆ ದೋಸೆ ತಿಂದರು.

ಮುಂದೆ ವೆಲ್ಲಿಂಗ್ಟನ್ ಕಡೆಯ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಪೊರಿರುವಾದಲ್ಲಿ ಮನೆಯಾಯಿತು, ಶ್ರೀಮತಿ ತಾರಾ ಬಂದು ಮನೆ ತುಂಬಿದರು. ಅಲ್ಲಿಂದಾಚೆಗೆ ಉಸಿರಾಟದ ಯಂತ್ರ, ಡಯಾಲಿಸಿಸ್ ಯಂತ್ರ, ಸೂಜಿಮದ್ದಿನ ಪಂಪುಗಳ ನಡುವೆ ಅವರು ಕಳೆದ ವರ್ಷಗಳಲ್ಲಿ ಎಷ್ಟು ಜನರಿಗೆ ಒದಗಿಬಂದರೆಂಬುದಕ್ಕೆ ಮೈಸೂರಿನ ಭಾರ್ಗವಿಯವರ ಅನುಭವ ಒಂದೇ ಸಾಕು. ಭಾರ್ಗವಿ ಡಯಾಲಿಸಿಸ್ ವಿಭಾಗಕ್ಕೆ ನರ್ಸಾಗಿ ಹೊಸದಾಗಿ ಸೇರಿದ್ದಾಗ, ಅವರು ನೋಡಿಕೊಳ್ಳುತ್ತಿದ್ದ ಯಂತ್ರದ ಅಲಾರಂ ಮಾತ್ರ ಬಡಿದುಕೊಳ್ಳುತ್ತಲೇ ಇತ್ತು. ಹೊಸಬಳಿಗೆ ಕೆಲಸ ಬರುವುದಿಲ್ಲ ಎಂದು ಮೇಲಿನವರು ತೀರ್ಮಾನಿಸುವುದರಲ್ಲಿದ್ದರು. ಉದಯಶಂಕರರು ತಮ್ಮ ಊಟದ ಹೊತ್ತನ್ನು ಬಿಟ್ಟು ಯಂತ್ರಕ್ಕೆ ಕಿವಿಯಿಟ್ಟು ಕೂತರು, ಒಳಗಿನ ಒಂದು ಪುಟ್ಟ ಕವಾಟ ಸವೆದಿರುವುದನ್ನು ತೋರಿಸಿದರು, ಮತ್ತು ವಿಭಾಗದವರೆಲ್ಲ ಕೇಳುವಂತೆ, ತಪ್ಪು ಯಂತ್ರದ್ದು, ಹುಡುಗಿಯದ್ದಲ್ಲ ಎಂದರು. ಆವತ್ತಿನಿಂದ ಭಾರ್ಗವಿಯವರಿಗೆ ಉದಯಶಂಕರರ ಮಾತೆಂದರೆ ಮಾತು. ಆ ಗೌರವವೇ ಮುಂದೆ ಇಬ್ಬರನ್ನೂ ಪೇಚಿಗೆ ಸಿಕ್ಕಿಸಿತೆಂಬುದನ್ನು ಈಗ ಹೇಳಬೇಕಾಗಿದೆ.

ಭಾರ್ಗವಿಗೆ ಕೋವಿಯಿಂದ ಗುರಿ ಹೊಡೆಯುವ ಹವ್ಯಾಸ. ಅಲ್ಲೇ ಹತ್ತಿರದ ಅಪ್ಪರ್ ಹಟ್‌ನಲ್ಲಿ ಮನೆ, ಲೈಸೆನ್ಸ್ ಉಂಟು, ಕ್ಲಬ್ ಉಂಟು, ವಸಂತಕಾಲದ ಸ್ಪರ್ಧೆಗೆ ತಂಡದಲ್ಲಿ ಹೆಸರೂ ಉಂಟು. ದೂರದ ಗುರಿಗೆ ಒಂದು ತೋಟೆಯಂತೆಯೇ ಇನ್ನೊಂದು ಇರಬೇಕಾದ್ದರಿಂದ, ಈ ಬಳಗದವರು ಹೊಡೆದು ಮುಗಿದ ಹಿತ್ತಾಳೆಯ ಕೊಳವೆಗಳನ್ನು ಎತ್ತಿಟ್ಟುಕೊಂಡು ಮತ್ತೆ ತಾವೇ ಮದ್ದುಗುಂಡು ತುಂಬಿಕೊಳ್ಳುತ್ತಾರೆ. ಅದಕ್ಕೊಂದು ಕೈಯಂತ್ರ. ಸನ್ನೆಕೋಲನ್ನು ಕೆಳಕ್ಕೆ ಎಳೆದರೆ ಕಬ್ಬಿಣದ ದಪ್ಪ ದಂಡವೊಂದು ಮೇಲೇರಿ ಕೊಳವೆಯನ್ನು ಅಚ್ಚಿನೊಳಗೆ ನೂಕುತ್ತದೆ, ಅಷ್ಟೇ. ಬೇಸಿಗೆಯಲ್ಲಿ ಈ ಯಂತ್ರವನ್ನು ಕೊಂಡಾಗ ಭಾರ್ಗವಿ, ಕೆಲವರು ಹೊಸ ಕಾರನ್ನು ದೇವಸ್ಥಾನಕ್ಕೆ ಒಯ್ಯುವಂತೆ, ಮೊದಲು ಪೊರಿರುವಾಕ್ಕೆ ತಂದರು. ಕೋವಿಯನ್ನು ಜನ್ಮದಲ್ಲಿ ಮುಟ್ಟದ, ಇರುವೆ ಸಾಲು ಕಂಡರೆ ದಾಟಿ ಹೋಗುವ ಉದಯಶಂಕರರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮೆಚ್ಚಿ, ದಂಡಕ್ಕೆ ಎರಡು ತೊಟ್ಟು ಎಣ್ಣೆ ಬಿಟ್ಟು ಕಳಿಸಿದರು.

ಆ ಎಣ್ಣೆ ತೆಂಗಿನೆಣ್ಣೆ. ಆಸ್ಪತ್ರೆಯ ಯಂತ್ರಕ್ಕೆ ಕಂಪನಿಯವರು ಹೇಳಿದ ಎಣ್ಣೆಯನ್ನಲ್ಲದೆ ಬೇರೆಯದನ್ನು ಅವರು ಮುಟ್ಟಿಸಿದವರಲ್ಲ. ಆದರೆ ಊರವರ ಹೊಲಿಗೆಯಂತ್ರ, ಬಾಗಿಲಿನ ಕೀಲು, ಮಕ್ಕಳ ಸೈಕಲ್ಲುಗಳಿಗೆ ಅಡುಗೆಮನೆಯ ಒಲೆಯ ಪಕ್ಕದ ಬಾಟಲಿಯೇ ಸೈ. ಪುತ್ತೂರಿನಲ್ಲಿ ತಲೆಗೂ ಪಲ್ಯಕ್ಕೂ ಬೀಗಕ್ಕೂ ಒಂದೇ ಎಣ್ಣೆ ಆಗುತ್ತಿದ್ದದ್ದು ಇಲ್ಲಿ ಯಾಕೆ ಆಗಬಾರದು ಎಂಬುದು ಅವರ ವಾದ.

ಇಲ್ಲಿ ಚಳಿಗಾಲ ಕಾಲಿಡುವ ಜೂನ್ ತಿಂಗಳಲ್ಲಿ ಯಂತ್ರ ಕೂಗತೊಡಗಿತು. ಬೆಳಿಗ್ಗೆ ಗ್ಯಾರೇಜಿನಲ್ಲಿ ಭಾರ್ಗವಿ ಸನ್ನೆ ಎಳೆದರೆ ಅರ್ಧದಲ್ಲಿ ಕಿರ್ರೆಂದು ಕಿರುಚಿ, ತುದಿಯಲ್ಲಿ ಟಕ್ಕೆಂದು ಹಾರುತ್ತಿತ್ತು. ಶಬ್ದದ ಕಾರಣ ಗೊತ್ತಾಗದೆ ಯಂತ್ರ ನಡೆಸಬಾರದೆಂಬುದು ಆಸ್ಪತ್ರೆಯಲ್ಲಿ ಉದಯಶಂಕರರೇ ಕಲಿಸಿದ ಪಾಠ. ಮದ್ದು ತುಂಬುವ ಕೆಲಸಕ್ಕಂತೂ ಆ ಪಾಠ ಇನ್ನೂ ಸರಿ. ಆದ್ದರಿಂದ ಭಾರ್ಗವಿ ತೋಟೆ ತುಂಬುವುದನ್ನು ನಿಲ್ಲಿಸಿ, ಯಂತ್ರವನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಕಟ್ಟಿ, ಹೀಟರ್ ಹಾಕಿಕೊಂಡು ಪೊರಿರುವಾಕ್ಕೆ ಬಂದರು.

ತಾರಾ ಅವರ ಮನೆಯಲ್ಲಿ ಒಂದು ನಿಯಮವಿದೆ. ಬಂದವರ ಹೊಟ್ಟೆ ತುಂಬುವ ಮೊದಲು ಅವರ ಯಂತ್ರ ಮುಟ್ಟುವಂತಿಲ್ಲ. ಹಾಗಾಗಿ ಯಂತ್ರವನ್ನು ಹಜಾರದಲ್ಲಿ, ಮನೆ ಬೆಚ್ಚಗಿಡುವ ಹೀಟ್ ಪಂಪಿನ ಎದುರಿಗೇ ಇಟ್ಟು, ಗೋಳಿಬಜೆ, ಅದರ ಮೇಲೆ ಕಾಫಿ, ಕಾಫಿಯ ಮೇಲೆ ಊರಿನ ಸುದ್ದಿ ಎಂದು ಗಂಟೆಗಟ್ಟಲೆ ಕಳೆದ ಮೇಲೆ ಉದಯಶಂಕರರು ಸ್ಕ್ರೂಡ್ರೈವರ್ ತಂದರು. ಭಾರ್ಗವಿ ಸನ್ನೆ ಎಳೆದರು. ದಂಡ ಬೆಣ್ಣೆಯಂತೆ ಮೇಲೇರಿ ಬೆಣ್ಣೆಯಂತೆ ಇಳಿಯಿತು.

ಉದಯಶಂಕರರಿಗೆ ಏನೂ ಕೇಳಿಸಲಿಲ್ಲ. "ಕೇಳ್ತದಾ?" ಎಂದು ಸಹಜವಾಗಿ ಕೇಳಿದರು. ಭಾರ್ಗವಿಗೂ ಏನೂ ಕೇಳಿಸಿರಲಿಲ್ಲ. ಆದರೆ ಗುರುಗಳು ಹಾಗೆ ಪ್ರಶ್ನಿಸುತ್ತಿದ್ದಾರೆಂದ ಮೇಲೆ ಅವರಿಗೆ ಏನೋ ಕೇಳಿಸಿರಬೇಕು, ತನ್ನ ಕಿವಿ ಅಷ್ಟು ಸೂಕ್ಷ್ಮವಲ್ಲ ಎಂದುಕೊಂಡು "ಕೇಳ್ಸತ್ತೆ ಸರ್, ಸ್ವಲ್ಪ" ಎಂದರು. ಮೇಲಾಗಿ ತಟ್ಟೆಯಲ್ಲಿ ತಾರಾ ಅವರು ಎರಡನೆಯ ಸಲ ಬಡಿಸಿದ ಗೋಳಿಬಜೆ ಇನ್ನೂ ಬಿಸಿಯಾಗಿತ್ತು. ಅಷ್ಟು ಉಪಚಾರ ಮಾಡಿಸಿಕೊಂಡು, ಯಂತ್ರದಲ್ಲಿ ದೋಷವೇ ಇಲ್ಲ ಎನ್ನುವುದಕ್ಕೆ ಯಾವ ಮೈಸೂರಿನವರಿಗೂ ಬಾಯಿ ಬರುವುದಿಲ್ಲ. ಉದಯಶಂಕರರು ಸ್ಕ್ರೂಡ್ರೈವರನ್ನು ಇನ್ನಷ್ಟು ಒತ್ತಿಕೊಂಡು ಕೇಳಿದರು, ಆಗಲೂ ಏನೂ ಇಲ್ಲ. "ಹಾಂ, ಉಂಟು ಉಂಟು" ಎಂದು ಗಂಭೀರವಾಗಿ ತಲೆದೂಗಿ, ದಂಡಕ್ಕೆ ಮತ್ತೆರಡು ತೊಟ್ಟು ಎಣ್ಣೆ ಬಿಟ್ಟರು.

ಮರುದಿನ ಬೆಳಿಗ್ಗೆ ಅಪ್ಪರ್ ಹಟ್‌ನಲ್ಲಿ ಯಂತ್ರ ಇನ್ನೂ ಜೋರಾಗಿ ಕಿರುಚಿತು. ಭಾರ್ಗವಿ ಮತ್ತೆ ಬಂದರು, ಮತ್ತೆ ತಿಂದರು, ಮತ್ತೆ ಇಬ್ಬರೂ ಮೌನವಾದ ಯಂತ್ರದ ಎದುರು ಕೂತು ಉಂಟು ಉಂಟು ಎಂದುಕೊಂಡರು. ಪ್ರತಿ ಭೇಟಿಗೂ ಎಣ್ಣೆ ಬಿತ್ತು. ಎಣ್ಣೆ ಬಿದ್ದಷ್ಟೂ ಕಿರುಚಾಟ ಹೆಚ್ಚಿತು.

ಇದು ನಗುವ ಸಂಗತಿಯೇ, ಆದರೆ ಉದಯಶಂಕರರಿಗೆ ಆಗ ನಗು ಬರುವ ಸ್ಥಿತಿಯಿರಲಿಲ್ಲ. ಅದೇ ದಿನಗಳಲ್ಲಿ ಆಸ್ಪತ್ರೆಯ ಮ್ಯಾನೇಜರ್, ನಿವೃತ್ತಿಯಾದ ಮೇಲೂ ವಾರಕ್ಕೆ ಎರಡು ದಿನ ಬಂದು ಹೊಸ ತಂತ್ರಜ್ಞರಿಗೆ ಯಂತ್ರಗಳನ್ನು ಕೇಳುವುದು ಹೇಗೆಂದು ಕಲಿಸಿಕೊಡಬೇಕೆಂದು ಕೋರಿದ್ದರು. ಉದಯಶಂಕರರಿಗೆ ಅದಕ್ಕಿಂತ ಬೇಕಾದದ್ದು ಜಗತ್ತಿನಲ್ಲಿ ಬೇರೆ ಇರಲಿಲ್ಲ. ಆದರೆ ಕಬ್ಬಿಣದ ಮೇಲೆ ಕಬ್ಬಿಣ ಉಜ್ಜುವ ಶಬ್ದ ಒಬ್ಬ ನರ್ಸಿಗೆ ಬರಿಗಿವಿಯಲ್ಲಿ ಕೇಳುತ್ತದೆ, ತನಗೆ ಸ್ಕ್ರೂಡ್ರೈವರ್ ಒತ್ತಿಕೊಂಡರೂ ಕೇಳುವುದಿಲ್ಲ ಎಂದ ಮೇಲೆ, ಉಸಿರಾಟದ ಯಂತ್ರ ಸರಿಯಿದೆಯೆಂದು ಯಾವ ಮುಖದಿಂದ ಹೇಳುವುದು? ಅವರು ಯಾರಿಗೂ ಹೇಳದೆ ಮನೆಯಲ್ಲೇ ಪರೀಕ್ಷೆಗೆ ತೊಡಗಿದರು. ಹಿತ್ತಿಲಲ್ಲಿ ನಿಂತು ಫ್ರಿಜ್ಜಿನ ಸದ್ದಿಗೆ ಕಿವಿಗೊಟ್ಟರು. ತಾರಾ ತಂಗಿಯ ಜೊತೆ ಫೋನಿನಲ್ಲಿ ಆಡುವ ಮಾತನ್ನು, ಕೇಳಿಸಿಕೊಳ್ಳದಿರುವ ಅಭ್ಯಾಸವನ್ನು ಎಷ್ಟೋ ವರ್ಷಗಳಿಂದ ಸಾಧಿಸಿದ್ದವರು, ಈಗ ಬಾಗಿಲ ಮರೆಯಲ್ಲಿ ನಿಂತು ಕೇಳಿದರು. ಅದು ಸ್ಪಷ್ಟವಾಗಿಯೇ ಕೇಳಿತು, ಅವರ ಬಗ್ಗೆಯೇ ಇತ್ತು.

"ಇವರಿಗೆ ಎಂತ ಆಗಿದೆಯೋ, ಬಾಗಿಲ ಹಿಂದೆ ನಿಂತು ಕೇಳ್ತಾರೆ ಈಗ," ಎನ್ನುತ್ತಿದ್ದರು ತಾರಾ.

ಅಷ್ಟಾದರೂ ಸಮಾಧಾನವಾಗಲಿಲ್ಲ. ಯಂತ್ರದ ಕಿವಿ ಬೇರೆ, ಸಂಸಾರದ ಕಿವಿ ಬೇರೆ ಎಂದು ತೀರ್ಮಾನಿಸಿ, ಸೋಮವಾರ ಮ್ಯಾನೇಜರಿಗೆ ಆಗುವುದಿಲ್ಲ ಎಂದು ಹೇಳಿಬಿಡುವುದೆಂದು ಅವರು ನಿಶ್ಚಯಿಸಿದರು. ಇಡೀ ಬದುಕಿನ ವಿದ್ಯೆ ಹೀಗೆ ಕೈಬಿಡುತ್ತಿದೆಯಲ್ಲ ಎಂದು ಅವರಿಗೆ ಅಳು ಬರುವಷ್ಟು ಸಂಕಟವಾಗಿತ್ತು. ಶನಿವಾರ ಬೆಳಿಗ್ಗೆ ಭಾರ್ಗವಿಗೆ ಸತ್ಯ ಹೇಳಿ, ಬೇರೆಯವರಿಗೆ ತೋರಿಸಲು ಸೂಚಿಸೋಣವೆಂದು, ಕಾಫಿಯನ್ನೂ ಕುಡಿಯದೆ ಅಪ್ಪರ್ ಹಟ್‌ಗೆ ಹೊರಟರು.

ಅಂಗಳದ ಹುಲ್ಲೆಲ್ಲ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು. ಗ್ಯಾರೇಜಿನೊಳಗೆ ಮಾತಾಡಿದರೆ ಬಾಯಿಂದ ಹೊಗೆ. ಹೇಳಬೇಕಾದ ಮಾತನ್ನು ಮುಂದೂಡಿ ಉದಯಶಂಕರರು, "ಒಮ್ಮೆ ಎಳಿ ಮಾರಾಯ್ತಿ, ಕೊನೆಗೊಮ್ಮೆ ನೋಡುವ" ಎಂದರು. ಸ್ಕ್ರೂಡ್ರೈವರ್ ಇನ್ನೂ ಕೋಟಿನ ಜೇಬಿನಲ್ಲೇ ಇತ್ತು.

ಭಾರ್ಗವಿ ಎಳೆದರು. ತಗಡಿನ ಬಾಗಿಲು ನಡುಗುವಂತೆ ಯಂತ್ರ ಕಿರುಚಿತು.

"ಇನ್ನೊಮ್ಮೆ."

ಮತ್ತೆ ಕಿರುಚಿತು.

"ಸಾಕಾ ಸರ್? ಪಕ್ಕದ್ಮನೆಯವರು ಎದ್ದುಬಿಡ್ತಾರೆ."

"ಏಳಲಿ. ಇನ್ನೊಮ್ಮೆ ಎಳಿ."

ಭಾರ್ಗವಿ ತಿರುಗಿ ನೋಡಿದರು. "ಸರ್, ಅಳ್ತಾ ಇದೀರಾ?"

"ಚಳಿಗೆ," ಎಂದರು ಉದಯಶಂಕರರು. ಕಣ್ಣೊರೆಸಿಕೊಂಡು ಕೇಳಿದರು: "ನಮ್ಮಲ್ಲಿ ಸಹ ಹೀಗೇ ಕೇಳ್ತಿತ್ತಾ ನಿನಗೆ?"

ಭಾರ್ಗವಿ ನೆಲ ನೋಡಿದರು. "ಇಲ್ಲ ಸರ್. ನಿಮ್ಮನೇಲಿ ನಂಗೇನೂ ಕೇಳ್ಸೇ ಇಲ್ಲ. ನೀವು ಕೇಳಿದ್ರಲ್ಲ, ನಿಮಗೆ ಕೇಳಿಸ್ತಿದೆ ಅಂದ್ಕೊಂಡೆ. ಆಂಟಿ ಬೇರೆ ಅಷ್ಟೆಲ್ಲಾ ಮಾಡಿ ಬಡಿಸಿದ್ರು."

"ನನಗೂ ಕೇಳ್ಲಿಲ್ಲ ಮಾರಾಯ್ತಿ," ಎಂದರು ಅವರು. "ನೀನು ಕೇಳ್ತದೆ ಅಂದದ್ದಕ್ಕೆ ನಾನು ಉಂಟು ಅಂದದ್ದು. ನನ್ನ ಕಿವಿ ಹೋಯ್ತು ಅಂತ ಸೋಮವಾರ ಆಸ್ಪತ್ರೆಗೆ ಹೇಳುವವನಿದ್ದೆ."

ಈಗ ಅವರಿಗೆ ಹಳೆಯ ಹುರುಪು ಬಂತು. ಅಲ್ಲಿ ಇಲ್ಲದ ಶಬ್ದ ಇಲ್ಲಿ ಯಾಕೆ? ಯಂತ್ರ ಒಂದೇ, ಕೈ ಒಂದೇ. ಬೇರೆಯಾದದ್ದು ಚಳಿ ಮಾತ್ರ. ಕೋಟು ಬಿಚ್ಚಿ, ದಂಡವನ್ನು ಮೇಲೇರಿಸಿ, ಬೆರಳಿನಿಂದ ಒರೆಸಿದರು. ಬೆರಳಿಗೆ ಹಿತ್ತಾಳೆಯ ಪುಡಿ ಸೇರಿದ, ಮೇಣದಂಥ ಬಿಳಿಯ ಹಿಟ್ಟು ಮೆತ್ತಿಕೊಂಡಿತು. ಮೂಸಿದರು. ಇನ್ನೊಮ್ಮೆ ಮೂಸಿದರು. ಪುತ್ತೂರಿನಲ್ಲಿ ಎಂದೂ ಗಟ್ಟಿಯಾಗಲು ಅವಕಾಶವೇ ಸಿಗದ ಎಣ್ಣೆ ಇಲ್ಲಿಯ ಚಳಿಗೆ ಹೆಪ್ಪುಗಟ್ಟಿ ದಂಡವನ್ನು ಹಿಡಿದುಕೊಂಡಿತ್ತು, ಅವರ ಹಜಾರದ ಬಿಸಿಗೆ ಕರಗಿ ಸಾಧುವಾಗುತ್ತಿತ್ತು.

"ಏನ್ ಸರ್ ಅದು?"

"ತೆಂಗಿನೆಣ್ಣೆ."

"ಯಾರು ಹಾಕಿದ್ದು ಸರ್?" ಎಂದು ಭಾರ್ಗವಿ ಬಹಳ ವಿನಯದಿಂದ ಕೇಳಿದರು.

"ಅದನ್ನು ಆಮೇಲೆ ನೋಡುವ. ಈಗ ಒಂದು ಬಟ್ಟೆ ಕೊಡು."

ದಂಡವನ್ನು ಚೆನ್ನಾಗಿ ಒರೆಸಿ, ತೊಳೆದು, ಯಂತ್ರಕ್ಕೆಂದೇ ಮಾಡಿದ ತೆಳು ಎಣ್ಣೆಯನ್ನು ಹಾಕಿದ ಮೇಲೆ ಆ ಹಿಮದಲ್ಲೂ ಶಬ್ದ ಏಳಲಿಲ್ಲ. ಭಾರ್ಗವಿ ಆ ವಾರವೇ ತೋಟೆ ತುಂಬಲು ಕೂತು, ಸ್ಪರ್ಧೆಯಲ್ಲಿ ತಂಡದ ಮಾನ ಕಾಪಾಡಿದರು. ಇಬ್ಬರೂ ನಡೆದದ್ದನ್ನೆಲ್ಲ ತಾರಾ ಅವರಿಗೆ ಹೇಳಿದಾಗ, ಅವರು ನಕ್ಕು ಮುಗಿಸಲು ಬಹಳ ಹೊತ್ತು ಹಿಡಿಯಿತು. ಆಮೇಲೆ, ಬಾಗಿಲ ಹಿಂದೆ ನಿಲ್ಲುವುದರ ಬದಲು ಒಮ್ಮೆ ಡಾಕ್ಟರಿಗೆ ತೋರಿಸಿ ಎಂದರು.

ತೋರಿಸಿದರು. ಬಲಗಿವಿ ಹುಡುಗರ ಕಿವಿಯ ಹಾಗಿದೆಯಂತೆ. ಎಡಗಿವಿ ನಿಜವಾಗಿಯೂ ಸ್ವಲ್ಪ ಮಂದವಾಗಿದೆಯಂತೆ. ಉದಯಶಂಕರರು ಇದನ್ನು ಮುಚ್ಚಿಡದೆ ಮ್ಯಾನೇಜರಿಗೆ ಹೇಳಿದರು. ಆತ, ತನ್ನ ಎರಡು ಕಿವಿಗಿಂತ ಅವರ ಒಂದು ಮೇಲು, ನಿವೃತ್ತಿಯ ಮಾರನೆಯ ವಾರದಿಂದಲೇ ಕಲಿಸಲು ಬನ್ನಿ ಎಂದರು. ಶಬ್ದದ ಕಾರಣ ತಿಳಿಯದೆ ಯಂತ್ರ ನಡೆಸಬೇಡಿ ಎನ್ನುತ್ತಿದ್ದ ಪಾಠಕ್ಕೆ ಈಗ ಅವರು, ಕೇಳದಿದ್ದರೆ ಕೇಳಲಿಲ್ಲ ಎಂದು ಹೇಳಿ ಎಂಬುದನ್ನೂ ಸೇರಿಸಲಿದ್ದಾರೆ.

ಇಂಥ ಉದಯಶಂಕರರಿಗೆ ನೂರ್ಕಾಲದ ಆಯುಸ್ಸು, ಒಳ್ಳೆಯ ಆರೋಗ್ಯ, ಕೈತುಂಬ ಕೆಟ್ಟ ಯಂತ್ರಗಳು ಸದಾ ಒದಗಲಿ ಎಂದು ನಾವೆಲ್ಲರೂ ಮನಸಾರೆ ಹಾರೈಸುತ್ತೇವೆ. ಸನ್ಮಾನದ ದಿನ ವೇದಿಕೆಯ ಏರ್ಪಾಟು ಹೇಗಿರಬೇಕೆಂದು ನಾವು ಸಮಿತಿಯವರು ಕೇಳಿದಾಗ ಅವರು, ತಮ್ಮನ್ನು ಹೊಗಳಿ ಮಾತಾಡುವವರನ್ನೆಲ್ಲ ಎಡಗಡೆ ಕೂರಿಸಿ ಎಂದರು. ಹಾಗೇ ಮಾಡಿದ್ದೇವೆ. ಬಲಗಡೆಗೆ ಒಂದೇ ಒಂದು ಕುರ್ಚಿ ಸಾಕು, ಅದು ತಾರಾಳಿಗೆ ಎಂದರು.