ಕರು ಜಗಿದ ವೇಲಿನ ಕಥೆ ಯಾರದ್ದು?

ಕೊಯಿಲದ ಆಸುಪಾಸಿನಲ್ಲಿ ದನಗಳ ಡಾಕ್ಟರಾಗಿ ಓಡಾಡುತ್ತಾ ಕಂಡ ತಮಾಷೆಗಳನ್ನು ಬರೆದು, ನಾನೊಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದ್ದೆ. ಪುತ್ತೂರಿನಲ್ಲಿ ಪಶು ಆಹಾರದ ಅಂಗಡಿ ಇಟ್ಟಿರುವ ಬ್ಯಾರಿ ಮುಸ್ಲಿಂ ಸ್ನೇಹಿತರೊಬ್ಬರು ಅದನ್ನು ಹಿಂಡಿ ಚೀಲಗಳ ಪಕ್ಕದಲ್ಲೇ ಇಟ್ಟು, ಬಂದವರಿಗೆ ನಾಲ್ಕು ಸಾಲು ಓದಿ ಹೇಳಿ ಮಾರುತ್ತಿದ್ದರು.

ಒಂದು ಬೆಳಿಗ್ಗೆ ಅವರು ನಗದೆ ಮೊಬೈಲು ಮುಂದೆ ಹಿಡಿದರು.

"ಡಾಕ್ಟ್ರೆ, ಇದು ನಿಮ್ಮದೇ ಅಲ್ವಾ? ಆದ್ರೆ ಪುಸ್ತಕದಲ್ಲಿ ಹೀಗೆ ಇರ್ಲಿಲ್ಲ."

ಸುಳ್ಯದ ಹೈನುಗಾರರ ವಾಟ್ಸಾಪ್ ಗುಂಪಿನಲ್ಲಿ ಬಂದದ್ದು. ಹೈನುಗಾರಿಕೆಯ ಬಗ್ಗೆ ನಾನು ಗಂಭೀರವಾಗಿ ಭಾಷಣ ಮಾಡುತ್ತಿದ್ದಾಗ ಹಿಂದಿನಿಂದ ಕರುವೊಂದು ನನ್ನ ವೇಲನ್ನು ಅರ್ಧ ಜಗಿದು ಮುಗಿಸಿತ್ತು. ಜನ ನಗುತ್ತಿದ್ದುದು ನನ್ನ ಮಾತಿಗೆಂದು ನಾನು ಹಿಗ್ಗುತ್ತಿದ್ದೆ. ಅದು ಪುಸ್ತಕದಲ್ಲಿದ್ದ ಕಥೆ. ಈ ಮೆಸೇಜಿನಲ್ಲಿ ನನ್ನ ಹೆಸರಿರಲಿಲ್ಲ. ನನ್ನ ಜಾಗದಲ್ಲಿ ದನ ನೋಡಲು ಬಂದ ಬ್ಯಾರಿ ವ್ಯಾಪಾರಿಯಿದ್ದ. ಕರು ಅವನ ಪಂಚೆ ಎಳೆಯುತ್ತಿತ್ತು. ಕೊನೆಗೆ ಬ್ಯಾರಿಗಳ ಬಗ್ಗೆ ಒಂದು ಕೊಳಕು ಮಾತು ಸೇರಿತ್ತು.

"ನೀವು ಬರೆದದ್ದಲ್ಲ ಅಂತ ನನಗೆ ಗೊತ್ತುಂಟು. ಅಂಗಡಿಯಲ್ಲಿ ನಿಮ್ಮ ನಾಲ್ಕು ಸಾಲು ಕೇಳಿ ಹೋದವರಿಗೆ ಗೊತ್ತಿಲ್ಲ," ಎಂದರು ಸ್ನೇಹಿತರು. ನನಗೆ ಮುಖವೆತ್ತಲಾಗಲಿಲ್ಲ.

ಅದನ್ನು ಹಾಕಿದವರು ಗುಂಪಿನ ಅಡ್ಮಿನ್, ಆಲೆಟ್ಟಿಯ ಒಬ್ಬ ಕೃಷಿಕರು. ಅವರ ಹಸುಗಳಿಗೆ ನಾನೇ ಮದ್ದು ಕೊಟ್ಟದ್ದುಂಟು. ಫೋನಿನಲ್ಲಿ ಮುಗಿಯುವ ಮಾತಲ್ಲವೆಂದು ನೇರ ಅವರ ಮನೆಗೇ ಹೋದೆ.

"ನಗ್ಲಿಕ್ಕೆ ಸ್ವಲ್ಪ ಬದಲಿಸಿ ಹಾಕಿದ್ದು ಮಾರಾಯ್ರೆ. ಅದಕ್ಕೆಂತ ಇಷ್ಟು ದೂರ ಬಂದದ್ದು?" ಎಂದರು. ನಾನು ಪುಸ್ತಕ ತೆಗೆದು ಮುಂದಿಟ್ಟದ್ದು ಕಂಡು, "ಹೆಸರು ಹಾಕ್ಲಿಲ್ಲ ಅಂತ ಬೇಜಾರಾ? ಈಗಲೇ ಹಾಕುವ, ಆಯ್ತಲ್ಲ?" ಎಂದರು.

"ಬೇಡ! ಅದನ್ನು ನಾನೇ ಬರೆದದ್ದು ಅಂತ ಆಗ್ತದೆ. ನನ್ನ ಬರಹ ಕೇಳದೆ ತೆಗೊಂಡ್ರಿ. ಅದರಲ್ಲೇ ಇನ್ನೊಬ್ಬರಿಗೆ ಬೈದ್ರಿ. ಅಳಿಸಿ ಸುಮ್ಮನಾದ್ರೆ ಸಾಲ್ದು. ಬದಲಿಸಿದ್ದು ನೀವೇ ಅಂತ ಗುಂಪಿನಲ್ಲಿ ಹೇಳ್ಬೇಕು."

"ಅಷ್ಟು ಜನರ ಎದುರು ಹೇಗೆ ಹೇಳುದು?"

"ಅಷ್ಟು ಜನರ ಎದುರೇ ಅಲ್ವಾ ಹಾಕಿದ್ದು?"

ಅವರ ಹೆಂಡತಿ ಮಜ್ಜಿಗೆ ತಂದಿಟ್ಟರು. ನಾನು ಕುಡಿದೆ, ಆದರೆ ಏಳಲಿಲ್ಲ. ಕೊನೆಗೆ ಕೃಷಿಕರು ಕನ್ನಡಕ ಹಾಕಿಕೊಂಡು ಟೈಪು ಮಾಡಿದರು. ತಪ್ಪೊಪ್ಪಿಕೊಂಡದ್ದು ಎರಡೇ ಸಾಲು, ಅದೂ ಒರಟಾಗಿ. ಕೂಡಲೇ ಕೆಲವರು ಗುಂಪು ಬಿಟ್ಟರು. ಒಬ್ಬರು "ಇನ್ನು ನಗ್ಲಿಕ್ಕೂ ಪರ್ಮಿಶನ್ ಬೇಕಾ?" ಎಂದು ಕೇಳಿದರು.

ನಗಲು ಪರ್ಮಿಶನ್ ಬೇಡ, ಹಂಚಲು ಬೇಕು ಎಂದು ನಾನೇ ಉತ್ತರಿಸಿದೆ. ಮೂಲ ಕಥೆಯನ್ನು ಇದ್ದ ಹಾಗೆ ಹಂಚಲು ಒಪ್ಪಿಗೆಯನ್ನೂ ಅಲ್ಲೇ ಕೊಟ್ಟೆ. ಅದನ್ನು ಮೊದಲು ಹಂಚಿದವರು ಪುತ್ತೂರಿನ ಸ್ನೇಹಿತರು.

ತಿದ್ದಿದ ಕಥೆ ಮಾತ್ರ ಇನ್ನೂ ಊರೂರು ಅಲೆಯುತ್ತಿದೆ. ಮೊನ್ನೆ ಕೊಲ್ಲಮೊಗ್ರಿನವರ ಗುಂಪಿನಲ್ಲಿ ಕಂಡಿತು. ಕಷ್ಟದ ಹೆರಿಗೆಯೊಂದನ್ನು ಮುಗಿಸಿ, ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಂಡು, ಅಲ್ಲಿಗೂ ಬರೆದೆ: ಇದು ನನ್ನ ಕಥೆಯಲ್ಲ, ನನ್ನದು ಬೇರೆ ಉಂಟು, ಕೇಳಿದರೆ ಕಳಿಸುತ್ತೇನೆ.